ಹೆಡತಲೆಯ ಪ್ರತಿನಿಧಿಗೆ ಹೂಂಗುಟ್ಟಿದವರು

ಹೆಡತಲೆಯ ಚಿಕ್ಕಬಸಪ್ಪನವರು ಬೆಂಬಲಿಸದ ಕಾಯ್ದೆಯೇ ಇರಲಿಲ್ಲ. ದಸರೆಗೆ ಮೈಸೂರಿನಲ್ಲಿ ಕೂಡುವ ಪ್ರಜಾಪ್ರತಿನಿಧಿ ಸಭೆಗೆ ಅವರು ನಂಜನಗೂಡು ತಾಲ್ಲೂಕಿನ ಸದಸ್ಯರು. ಬಾಲ್ಯವಿವಾಹ ತಡೆಯಬೇಕೆಂದು ಒಂದು ವರ್ಷ ಎದ್ದು ನಿಂತರೆ, ಅಷ್ಟು ಬಿಗಿ ಬೇಡವೆಂದು ಮರುವರ್ಷವೂ ಅಷ್ಟೇ ಗಂಭೀರವಾಗಿ ಎದ್ದು ನಿಲ್ಲುತ್ತಿದ್ದರು. ನಾಲೆ, ರೈಲು, ಸೇರು ಪಾವಿನ ಅಳತೆ, ಹುಡುಗರು ಬೀಡಿ ಸೇದುವುದು, ಎಲ್ಲಕ್ಕೂ ಅವರಲ್ಲಿ ಕಾಯ್ದೆಯಿತ್ತು. ಜರಿಪೇಟ ಸುತ್ತಿದ ಮೇಲೆ ಹೆಂಡತಿ ಚನ್ನಾಜಮ್ಮನ ಹತ್ತಿರ ಉಪ್ಪಿನಕಾಯಿ ಕೇಳುವುದಕ್ಕೂ "ಈ ಸಭೆಯ ಗಮನಕ್ಕೆ" ಎಂದೇ ಶುರು.

ಪ್ಲೇಗು ತಗುಲಿದ ಊರಿಗೆ ಯಾರನ್ನೂ ಬಿಡಬಾರದೆಂಬ ಕಟ್ಟಳೆಯನ್ನೂ ಬೆಂಬಲಿಸಿದ್ದರು. ಮರುವರ್ಷ ಪ್ಲೇಗು ಹೆಡತಲೆಗೇ ಬಂತು. ಮನೆಯೊಳಗೆ ಬಿಸಿಲು ಬೀಳಲೆಂದು ಹೆಂಚು ಇಳಿಸಿ, ಬಾಗಿಲಿಗೆ ಬೀಗ ಜಡಿದು, ಊರೆಲ್ಲ ಹೊಲದ ಗುಡಿಸಲು ಸೇರಿತು. ಪ್ಲೇಗಿಗೆ ಮಗ ಮಹದೇವನನ್ನು ಕಳೆದುಕೊಂಡ ಮುತ್ತಮ್ಮ ಚಿಕ್ಕಬಸಪ್ಪನವರ ಗುಡಿಸಲಿಗೇ ಬಂದಳು.

"ಬುದ್ಧೀ, ಉಸ್ರು ಓದ ಜಾಗದಲ್ಲಿ ಒಂದ್ ದೀಪ ಅಚ್ಚಕೆ ಬುಡ್ಲಿ ಅಂತ ಸಭೇಲಿ ಕೇಳಿ. ಕತ್ಲಲ್ಲಿ ದಾರಿ ಕಾಣ್ದೆ ನನ್ ಮಗ ಅಲ್ಲೇ ಅವ್ನೆ."

"ದೀಪಕ್ಕೆಲ್ಲ ಕಾಯ್ದೆ ಕೇಳುದ್ರೆ ನಗ್ತಾರೆ ಕಣಮ್ಮ."

"ನಿಮ್ ಬೀಡಿಗಿಂತ ಚಿಕ್ಕುದಾ ನನ್ ದೀಪ?"

ಚನ್ನಾಜಮ್ಮ ಸೆರಗಿನೊಳಗೆ ನಕ್ಕಳು.

ಗುಡಿಸಲ ಮಕ್ಕಳು ಅಣಕಿಸುತ್ತಿದ್ದರಿಂದ ಚಿಕ್ಕಬಸಪ್ಪನವರು ಭಾಷಣದ ಅಭ್ಯಾಸಕ್ಕೆ ನಡುಮಧ್ಯಾಹ್ನ ಖಾಲಿ ಊರಿಗೆ ಹೋದರು. ಕಟ್ಟಳೆ ಇದ್ದದ್ದು ಜನರಿಗೆ, ಅದನ್ನು ಬೆಂಬಲಿಸಿದವರಿಗಲ್ಲ. ಚಾವಡಿಯ ಜಗಲಿ ಹತ್ತಿ ರೈಲಿನ ವಿಷಯ ತೆಗೆದರು.

"ಊಂ" ಎಂದಿತು ಬೀದಿ, ಅಜ್ಜಿಯ ಕತೆಗೆ ಮಕ್ಕಳು ಹೂಂಗುಟ್ಟುವ ಹಾಗೆ.

ಅವರಿಗೆ ಹಿಗ್ಗೋ ಹಿಗ್ಗು. ಕೊನೆಗೂ ಒಬ್ಬ ಅನುಮೋದಕ! ನಾಲೆ ಎಂದರು, ಎರಡು ಮನೆಯಿಂದ "ಊಂ". ಬೀಡಿಗೆ ಬರುವಷ್ಟರಲ್ಲಿ ಕೇರಿಗೆ ಕೇರಿಯೇ ಹೂಂಗುಟ್ಟುತ್ತಿತ್ತು. ಎಡಕ್ಕೂ ಬಲಕ್ಕೂ ಕೈಮುಗಿಯುತ್ತಿದ್ದವರ ಕಣ್ಣು ಬಾಗಿಲುಗಳ ಮೇಲೆ ಬಿತ್ತು. ಎಲ್ಲದಕ್ಕೂ ಬೀಗ. ಬೀಗದ ಮೇಲೆ ಜೇಡರ ಬಲೆ.

ಭಾಷಣ ಮುಗಿದಿತ್ತು.

"ಊಂ?" ಮಹದೇವನ ಮನೆಯ ಬಾಗಿಲ ಹಿಂದಿನಿಂದ.

ಮತ್ತೆ ರೈಲು ಎಂದರು. "ಊಂ?" ಈಗ ಇನ್ನೂ ಹತ್ತಿರ.

"ಸತ್ತವರ ಮನೆಯಲ್ಲಿ... ದೀಪ ಹಚ್ಚಲು ಬಿಡಬೇಕು."

ಬೀದಿ ಉಸಿರು ಬಿಗಿಹಿಡಿಯಿತು. ಚಿಕ್ಕಬಸಪ್ಪನವರು ಜಗಲಿಯಿಂದ ಇಳಿದವರು ಹಿಂತಿರುಗಿ ನೋಡಲಿಲ್ಲ.

ಮೈಸೂರಿನಲ್ಲಿ ಅವರ ಸರದಿ ಬರುವಾಗ ಹೊತ್ತು ಮೀರಿತ್ತು. ಒಂದೇ ಅಹವಾಲು ಹೇಳಿ ಎಂದರು ದಿವಾನರು. ರೈಲು ನಾಲಿಗೆಯ ತುದಿಗೆ ಬಂದಿತ್ತು. ಹೆಡಕಿನ ಹಿಂದೆ "ಊಂ?" ಎಂದಿತು. ತಿರುಗಿದರೆ ಬರೀ ಗೋಡೆ.

ದೀಪ ಕೇಳಿದರು. ಸಭೆ ಹೊಟ್ಟೆತುಂಬ ನಕ್ಕಿತು.

ಮುಸ್ಸಂಜೆಗೆ ಗಾಡಿ ಇಳಿದಾಗ ಮುತ್ತಮ್ಮ ಕಾಯುತ್ತಿದ್ದಳು.

"ಮೊನ್ನೆ ಕೇಳುದ್ರಿ ಅಲ್ವಾ ಬುದ್ಧೀ?"

"ಕೇಳ್ದೆ. ನಕ್ಬುಟ್ರು. ನಿಂಗ್ಯಾರ್ ಏಳುದ್ರು?"

ಅವಳು ಊರ ಕಡೆ ಕೈ ತೋರಿಸಿದಳು. ಮಹದೇವನ ಬೀಗ ಹಾಕಿದ ಮನೆಯಲ್ಲಿ, ಹೆಂಚಿಲ್ಲದ ಸೂರಿನ ನಡುವೆ, ಸಣ್ಣದೊಂದು ಬೆಳಕು ಅಲುಗದೆ ಉರಿಯುತ್ತಿತ್ತು.

"ಮೊನ್ನಿಂದ ಉರೀತಾದೆ. ದಾರಿ ಸಿಕ್ತು ನನ್ ಮಗ್ನಿಗೆ."

ಚಿಕ್ಕಬಸಪ್ಪನವರು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡರು. ಎಂದೂ ಮಾತು ಬತ್ತದ ಮನುಷ್ಯ.

"ಊಂ" ಎಂದರು.