ಜೀಪಿನ ಮೇಲಿನ ಖಾಲಿ ಕುರ್ಚಿ

ಅಣ್ಣನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹಗ್ಗ ಎಳೆದೆಳೆದು ಬಿದ್ದ ಗೆರೆಯಿತ್ತು. ಬನಹಟ್ಟಿಯಲ್ಲಿ ಹಳೆಯ ಜೀಪು ಇಟ್ಟುಕೊಂಡು, ಮನೆ ಬದಲಿಸುವವರ ಸಾಮಾನು ಸಾಗಿಸುತ್ತಿದ್ದ. ಮಂಚ, ಟ್ರಂಕು, ಕೊಡ ಎಲ್ಲ ಹೇರಿ ಬಿಗಿದ ಮೇಲೆ ತುತ್ತತುದಿಗೆ ಒಂದು ಖಾಲಿ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಕಟ್ಟುತ್ತಿದ್ದ.

"ಯಾರ ಕೂಡ್ತಾರೋ ಅದರ ಮ್ಯಾಲ? ನಿಮ್ಮ ಮಾವನೇನು?" ಎಂದು ಓಣಿಯವರು ನಗುತ್ತಿದ್ದರು.

"ಅರ್ಮೇನಿಯಾದಾಗ ಹಿಂಗ ಕಟ್ತಾರಪಾ."

ಆ ಹೆಸರು ಕೇಳಿದರೆ ನನ್ನ ಮೈ ಉರಿಯುತ್ತಿತ್ತು. ಜೀಪು ಕೊಳ್ಳುವ ಮೊದಲು, ಅವ್ವ ತೀರಿಕೊಂಡಾಗ, ಅವನು ಮುಂಬೈಯಿಂದ ಹೊರಡುವ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಬಂದದ್ದು ನಾಲ್ಕು ತಿಂಗಳ ಮೇಲೆ. ಕೊಲಂಬಿಯಾ ದೇಶದ ಬಂದರಿನಲ್ಲಿ ಹಡಗು ಕೆಟ್ಟು ನಿಂತಿತ್ತಂತೆ. ಹೊಟ್ಟೆಪಾಡಿಗೆ ಗುಡ್ಡ ಹತ್ತಿ ಅರ್ಮೇನಿಯಾ ಎಂಬ ಊರಿಗೆ ಹೋಗಿ ಕಾಫಿ ಚೀಲ ಹೇರಿದನಂತೆ. ಸುದ್ದಿ ಮುಟ್ಟಲಿಲ್ಲವಂತೆ.

ನಾನು ಏಳನೇ ಇಯತ್ತೆ ಓದಿದವಳು. ಮಗನ ನಕಾಶೆ ಪುಸ್ತಕ ತೆಗೆದೆ. ಅರ್ಮೇನಿಯಾ ಸಿಕ್ಕಿತು. ಊರಲ್ಲ, ದೇಶ. ಕೊಲಂಬಿಯಾ ಎಲ್ಲಿ, ಅದೆಲ್ಲಿ! ಅದರ ಅಂಚಿಗೆ ಸಮುದ್ರದ ನೀಲಿಯೂ ಇರಲಿಲ್ಲ. ಮುಂಬೈಯಲ್ಲಿ ಇನ್ನೊಂದು ಸಂಸಾರ ಇಟ್ಟಿದ್ದಾನೆ ಎಂದು ಅಂದೇ ತೀರ್ಮಾನಿಸಿದೆ.

ನಾಗರ ಪಂಚಮಿಗೆ ತವರಿಗೆ ಕರೆಯಲು ತೇರದಾಳದ ನಮ್ಮ ಮನೆಗೆ ಬಂದಾಗ ಪುಸ್ತಕ ಅವನ ಮುಂದಿಟ್ಟೆ.

"ಎಲ್ಲಿ ಐತಿ ಸಮುದ್ರ? ತೋರ್ಸು."

"ಇದು ಬ್ಯಾರೆ, ತಂಗೀ. ಅದು ಊರು. ಈ ದೇಶದ ಹೆಸರ ಇಟ್ಕೊಂಡಾರ."

"ಊರಿಗೆ ಬ್ಯಾರೆ ದೇಶದ ಹೆಸರ ಯಾರ ಇಡ್ತಾರ? ನೀ ಖರೆ ಹೇಳೂತನ ನಾ ನಿನ್ನ ಜೀಪ ಹತ್ತಂಗಿಲ್ಲ."

ಆದರೂ ಪ್ರತಿ ಪಂಚಮಿಗೆ ಬಂದ. ಉಂಡಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಹಾಲಿಲ್ಲದ ಕರಿ ಕಾಫಿ ಕೇಳುತ್ತಿದ್ದ. ಇದನ್ನು ಕಲಿಸಿದವಳು ಯಾರೋ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಆ ಊರಿನ ಕಥೆ ಹೇಳುತ್ತಿದ್ದ. ಬಡವರು ಬಂದು ಕಾಡು ಕಡಿದು ಕಟ್ಟಿದ್ದು, ಬಿದಿರು-ಮಣ್ಣಿನ ಗೋಡೆಗಳು, ಭೂಕಂಪಕ್ಕೆ ಬಿದ್ದು ಮತ್ತೆ ಎದ್ದದ್ದು.

"ಛಲೋ ಕಾಫಿ ಬೀಜ ಹೊರಗ ಕಳಸ್ತಾರ, ಉಳಿದದ್ದು ತಾವು ಕುಡೀತಾರ. ನಮ್ಮ ನೇಕಾರರು ಹೊಸಾ ಸೀರಿ ಮಾರಿ ಮನ್ಯಾಗ ಹಳೀದು ಉಡಸ್ತಾರಲ್ಲ, ಹಂಗ."

ಹೇಳಿದ್ದು ಒಂದು ವರ್ಷವೂ ಬದಲಾಗಲಿಲ್ಲ. ಬಾಯಿಪಾಠ ಮಾಡಿದ್ದಾನೆ ಎಂದುಕೊಂಡೆ.

ಹೋದ ವರ್ಷ ದೀಪಾವಳಿಗೆ ಮೊದಲು ಎದೆನೋವು ಬಂದು ಅಣ್ಣ ಹೋದ.

ಈ ಪಂಚಮಿಗೆ ಅವನ ಮಗಳು ಜೀಪು ನಡೆಸಿಕೊಂಡು ಬಂದಳು. ಮೊಬೈಲು ನನ್ನ ಕೈಗಿಟ್ಟಳು.

"ಅತ್ತಿ, ಅಪ್ಪನ ಊರ ನೋಡ್ರಿ. ಖರೇನ ಐತಿ."

ಕೊಲಂಬಿಯಾದ ಅರ್ಮೇನಿಯಾ. ಹಬ್ಬದ ಬೀದಿಯಲ್ಲಿ ಜೀಪುಗಳ ಸಾಲು. ಕೆಲವುಗಳ ತುಂಬ ಕಾಫಿ ಚೀಲ, ಬಾಳೆಗೊನೆ. ಒಂದರ ಮೇಲೆ ಇಡೀ ಮನೆಯ ಸಾಮಾನು. ಮಂಚ, ಪೆಟ್ಟಿಗೆ, ಪಾತ್ರೆ. ಎಲ್ಲಕ್ಕೂ ಮೇಲೆ, ನೆಟ್ಟಗೆ, ಒಂದು ಖಾಲಿ ಕುರ್ಚಿ.

"ಈ ವರ್ಷಾನೂ ಬರಂಗಿಲ್ಲೇನ್ರಿ?"

ಖರೆ ಹೇಳುವತನಕ ಹತ್ತುವುದಿಲ್ಲ ಎಂದಿದ್ದೆ. ಅವನು ಮೊದಲ ದಿನವೇ ಹೇಳಿದ್ದ.

ಹತ್ತಿದೆ. ಸೀಟಿನ ಹಿಂದೆ ಅವನ ಹಗ್ಗದ ಸುರುಳಿಯಿತ್ತು. ಬನಹಟ್ಟಿ ಮುಟ್ಟುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.