ಅತ್ತಿಗೆ ಕೊಂಡ ಚಿಲಕ

ನನ್ನನ್ನು ಸಾಕಿದವರು ಅತ್ತಿಗೆ. ಅಣ್ಣ ಭದ್ರಾವತಿಯ ಕಾರ್ಖಾನೆಯಲ್ಲಿದ್ದರು. ಅವರ ಎರಡು ಕೋಣೆಯ ಕ್ವಾರ್ಟರ್ಸ್‌ನಲ್ಲಿ ನಾವು ಎಂಟು ಜನ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನನ್ನ ಮನೆಯಲ್ಲೇ ಇದ್ದರು. ಕಳೆದ ವರ್ಷ ಎರಡು ಸಲ ಬಚ್ಚಲಲ್ಲಿ ಬಿದ್ದರು. ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ವಯಸ್ಸಾದವರಿಗೆಂದೇ ಕಟ್ಟಿದ ವಸತಿಯಿದೆ, ಒಬ್ಬೊಬ್ಬರಿಗೆ ಒಂದು ಕೋಣೆ, ಸದಾ ನರ್ಸ್ ಇರುತ್ತಾರೆ ಎಂದು ಯಾರೋ ಹೇಳಿದಾಗ, "ನೋಡ್ಕೊಂಡು ಬರೋಣ" ಎಂದವರು ಅತ್ತಿಗೆಯೇ.

ಅವರು ಅಲ್ಲಿಗೆ ಸೇರಿದ ಒಂಬತ್ತನೇ ದಿನ ನರ್ಸ್ ಫೋನ್ ಮಾಡಿದರು. "ಸರ್, ಅಮ್ಮ ನಿಮ್ಮನೆಗೇನಾದ್ರೂ ಬಂದ್ರಾ? ತಿಂಡಿ ಆದ್ಮೇಲೆ ಕಾಣಿಸ್ತಿಲ್ಲ."

ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರಿಗೆ ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ನಮಗೆ ಭಾರವಾಗಬಾರದೆಂದೇ ಅವರು ಅಲ್ಲಿಗೆ ಹೊರಟಿರಬಹುದು ಎಂಬ ಯೋಚನೆ ಆ ಬಸ್ಸಿನಲ್ಲಿ ಮೊದಲ ಸಲ ಬಂತು.

ಕೋಣೆಗೆ ಹೋಗಿ ನೋಡಿದರೆ ಹಾಸಿಗೆ ಮಡಿಸಿತ್ತು. ಬಿಪಿ ಮಾತ್ರೆ ಹಾಗೇ ಇತ್ತು. ಫೋನ್ ದಿಂಬಿನಡಿ. ಪೊಲೀಸರಿಗೆ ತಿಳಿಸೋಣವೆಂದು ಗೇಟಿಗೆ ಬರುವಷ್ಟರಲ್ಲಿ ಆಟೋ ನಿಂತಿತು. ಅತ್ತಿಗೆ ಇಳಿದರು.

"ಎಲ್ಲಿಗೆ ಹೋಗಿದ್ರಿ ಅತ್ತಿಗೆ?"

"ಕೋಟೆ ಹತ್ರ ಹಾರ್ಡ್‌ವೇರ್ ಅಂಗಡಿಗೆ. ಯಾಕೋ, ಅಳ್ತಿದೀಯಾ?"

ಅವರ ಕೈಯ ಪೊಟ್ಟಣದಲ್ಲಿ ಹಿತ್ತಾಳೆಯ ಚಿಲಕ, ನಾಲ್ಕು ಸ್ಕ್ರೂ. ಯಾರಾದರೂ ಬಿದ್ದರೆ ಒಳಗೆ ಹೋಗಲು ಆಗಬೇಕೆಂದು ಅಲ್ಲಿಯ ಕೋಣೆಗಳಿಗೆ ಒಳಚಿಲಕವೇ ಇರಲಿಲ್ಲ.

"ಮದುವೆಯಾಗಿ ಬಂದಾಗಿಂದ ಅಡುಗೆಮನೆ ಬಾಗಿಲ ಹಿಂದೆ ನಿಂತು ಸೀರೆ ಉಟ್ಟಿದೀನಿ ಮಾರಾಯ. ಈಗ ನಂದೇ ಒಂದು ಕೋಣೆ ಅಂತ ಆಗಿದೆ. ಇಲ್ಲೂ ಯಾರ್ಯಾರೋ ನುಗ್ಗಿದ್ರೆ?"

"ಒಳಗೆ ಬಿದ್ರೆ ಏನಮ್ಮಾ ಮಾಡೋದು?" ಎಂದರು ನನ್ನ ಹಿಂದೆಯೇ ಗೇಟಿಗೆ ಬಂದಿದ್ದ ನರ್ಸ್.

"ಕೂಗ್ತೀನಿ."

"ಪ್ರಜ್ಞೆ ತಪ್ಪಿದ್ರೆ?"

ಅತ್ತಿಗೆ ಪೊಟ್ಟಣವನ್ನು ಸೆರಗಿನೊಳಗೆ ಸೇರಿಸಿಕೊಂಡರು. ಇಬ್ಬರ ಮಾತೂ ನನಗೆ ಸರಿ ಅನ್ನಿಸಿ, "ಮನೆಗೆ ಹೋಗೋಣ ಬನ್ನಿ" ಎಂದುಬಿಟ್ಟೆ.

"ಇಲ್ಲ. ನಾನು ಇಲ್ಲೇ ಇರ್ತೀನಿ" ಎಂದರು, ಮೆಲ್ಲಗೆ. ನಮಗಾಗಿ ಹೇಳುತ್ತಿದ್ದಾರೇನೋ ಎಂದು ಅವರ ಮುಖವನ್ನೇ ನೋಡಿದೆ. ಹಾಗೆ ಕಾಣಲಿಲ್ಲ.

ವಸತಿಯವರ ಜೊತೆ ಎರಡು ವಾರ ಮಾತುಕತೆಯಾಗಿ, ಆ ಚಿಲಕದ ಬದಲು, ಒಳಗಿನಿಂದ ಹಾಕಿಕೊಂಡರೂ ಹೊರಗಿನಿಂದ ಕೀಲಿಯಿಂದ ತೆಗೆಯಬಹುದಾದ ಬೀಗ ಕೂರಿಸಿದರು. ಬಾಗಿಲು ತಟ್ಟದೆ ಯಾರೂ ಒಳಹೋಗಬಾರದು ಎಂದಾಯಿತು. ಬಾಗಿಲು ಹಾಕಿಕೊಂಡಾಗ ಏನಾದರೂ ಆದರೆ ಹೊಣೆ ತಮ್ಮದೇ ಎಂಬ ಒಪ್ಪಿಗೆ ಪತ್ರಕ್ಕೆ ಅತ್ತಿಗೆ ಸಹಿ ಹಾಕಿದರು, ಅದರ ಕೆಳಗೆ ನಾನೂ ಹಾಕಿದೆ.

ಅತ್ತಿಗೆ ಈಗ ಗೆಲುವಾಗಿದ್ದಾರೆ. ನನಗೆ ಮಾತ್ರ ಆಫೀಸಿನಲ್ಲಿ ಕುಳಿತಿರುವಾಗ ಇದ್ದಕ್ಕಿದ್ದಂತೆ, ಆ ಕೀಲಿ ಎಲ್ಲಿಟ್ಟಿದ್ದಾರೋ, ಹೊಸದಾಗಿ ಬಂದ ನರ್ಸಿಗೆ ಗೊತ್ತಿದೆಯೋ ಇಲ್ಲವೋ ಎನ್ನಿಸಿ ಎದ್ದು ನಿಲ್ಲುತ್ತೇನೆ.