ಸಂಜೆಗೆ ಸಾಯುವ ಆರ್ಡರ್

ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಮುದುಕನಾದವನು. ಓದಿದ್ದು ಹೈಸ್ಕೂಲು. ಆದರೂ ಹೋಟೆಲಿನವರೆಲ್ಲ ನನ್ನನ್ನು ಶೇರು ಮಾಸ್ತರ ಎನ್ನುತ್ತಿದ್ದರು. ಊಟದ ಗಲಾಟೆ ಮುಗಿದು ಚಹಾ ಶುರುವಾಗುವ ನಡುವೆ ಗೋಡೆಯ ಟಿವಿಯಲ್ಲಿ ಓಡುವ ಅಂಕಿಗಳನ್ನು ತೋರಿಸಿ ಪಾಠ ಹೇಳುತ್ತಿದ್ದೆ. ಶೇರು ಎಂದರೆ ಕಂಪನಿಯಲ್ಲಿ ಸಣ್ಣ ಪಾಲು. ಈ ಹೋಟೆಲಿನ ಒಂದು ಕುರ್ಚಿ ನಿಮ್ಮದಾದ ಹಾಗೆ. ಡಿವಿಡೆಂಡ್ ಎಂದರೆ ಲಾಭವಾದಾಗ ಆ ಕುರ್ಚಿಯ ಲೆಕ್ಕಕ್ಕೆ ನಿಮ್ಮ ಕೈಗೆ ಬರುವುದು. ಡಿಮ್ಯಾಟ್ ಎಂದರೆ ಶೇರುಗಳನ್ನಿಡುವ, ಕಣ್ಣಿಗೆ ಕಾಣದ ಕಪಾಟು.

ಅಡುಗೆಮನೆಯಲ್ಲಿದ್ದ ಭಾವ, ನನ್ನ ತಂಗಿಯ ಗಂಡ, ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ಬೆಲೆ ಇಷ್ಟಕ್ಕಿಂತ ಕೆಳಗಿಳಿದರೆ ಮಾರಿಬಿಡಿ ಎಂದು ಮೊದಲೇ ಹೇಳಿಡುವುದು ಸ್ಟಾಪ್ ಲಾಸ್ ಎಂದು ನಾನು ವಿವರಿಸಿದ ದಿನ ಅವರು ನಕ್ಕರು.

"ಹಾಲು ಉಕ್ಕುವ ಮೊದಲು ಗ್ಯಾಸ್ ಆಫ್ ಮಾಡುದು. ಅದಕ್ಕೆ ಇಂಗ್ಲಿಷ್ ಎಂತಕ್ಕೆ ಮಾರಾಯ್ರೆ?"

ರಬಾಳೆಯ ಕಾರ್ಖಾನೆಗಳ ನಡುವೆ ಒಂದು ಸ್ವಂತ ಕ್ಯಾಂಟೀನ್ ಹಿಡಿಯಬೇಕೆಂದು ಅವರೂ ತಂಗಿಯೂ ಹಣ ಕೂಡಿಸಿದ್ದರು. ಡಿಪಾಸಿಟ್ಟಿಗೆ ಸ್ವಲ್ಪ ಸಾಲದೆ ಬಂದಿತ್ತು. ಆ ಸ್ವಲ್ಪಕ್ಕಾಗಿ ಇಡೀ ಗಂಟನ್ನು ನನ್ನ ಮಾತಿನ ಮೇಲೆ ಒಂದೇ ಕಂಪನಿಯ ಶೇರಿಗೆ ಹಾಕಿದರು. ಬ್ರೋಕರ್ ಆಫೀಸಿಗೆ ಫೋನ್ ಮಾಡುವ ಕೆಲಸ ನನ್ನದು.

ಒಮ್ಮೆ ಬೆಲೆ ಇಳಿದು ಸ್ಟಾಪ್ ಲಾಸ್ ತಾಗಿ ಒಂದಷ್ಟು ಶೇರು ಮಾರಿಹೋಯಿತು. ಮರುದಿನವೇ ಬೆಲೆ ಏರಿತು. ಭಾವ ಎಲ್ಲರೆದುರು, "ನಮ್ಮ ಮಾಸ್ತರು ಹಾಲು ಬಿಸಿಯಾಗುವ ಮೊದಲೇ ಒಲೆ ಆರಿಸುವವರು" ಎಂದರು. ತಮಾಷೆಗೇ ಅಂದದ್ದು. ಸಪ್ಲೈಯರ್‌ಗಳೆಲ್ಲ ನಕ್ಕರು. ನನಗೆ ಅದು ನಾಟಿತು.

ನಾನು ಕಲಿಸದೆ ಬಿಟ್ಟ ಪಾಠ ಒಂದಿತ್ತು. ಆಗ ಸ್ಟಾಪ್ ಲಾಸ್ ಆರ್ಡರಿಗೆ ಆಯುಸ್ಸು ಒಂದೇ ದಿನ. ಸಂಜೆ ಪೇಟೆ ಮುಚ್ಚಿದರೆ ಅದೂ ಸತ್ತಂತೆ. ಬೆಳಿಗ್ಗೆ ಮತ್ತೆ ಹಾಕಬೇಕು. ಭಾವ ಒಮ್ಮೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದರು. ಆ ನಗುವಿನ ನಂತರ ನಾನು ಬೆಳಗಿನ ಫೋನನ್ನು ನಿಲ್ಲಿಸಿದೆ. ಬೆಲೆ ಇನ್ನೂ ಏರಲಿ, ಒಮ್ಮೆ ಇವರ ಬಾಯಿ ಮುಚ್ಚಲಿ ಎಂಬುದೇ ನನ್ನ ಮನಸ್ಸಿನಲ್ಲಿದ್ದದ್ದು.

ಎರಡು ಸಾವಿರದ ಎಂಟರ ಜನವರಿಯಲ್ಲಿ ಟಿವಿಯಲ್ಲಿ ಏರಿಕೆಯ ಹಸಿರು ದಿನದಿನಕ್ಕೂ ಕಡಿಮೆಯಾಗಿ ಇಳಿಕೆಯ ಕೆಂಪು ಹೆಚ್ಚತೊಡಗಿತು. ಗಿರಾಕಿಗಳು ಚಹಾ ಕುಡಿದ ಮೇಲೂ ಏಳುತ್ತಿರಲಿಲ್ಲ; ಕತ್ತೆತ್ತಿ ಅದನ್ನೇ ನೋಡುತ್ತಿದ್ದರು.

"ಸ್ಟಾಪ್ ಲಾಸಿನ ಬಂದೋಬಸ್ತ್ ಉಂಟಲ್ಲ ಭಾವ?" ಎಂದು ಭಾವ ಅಡುಗೆಮನೆಯಿಂದ ಕೇಳಿದರು.

"ಉಂಟು" ಎಂದೆ.

ಅಂದು ಶುಕ್ರವಾರ. ಆರ್ಡರ್ ಇದ್ದಿದ್ದರೆ ಅಂದೇ ಶೇರೆಲ್ಲ ಮಾರಿಹೋಗಿ ಮುಕ್ಕಾಲು ಹಣ ಉಳಿಯುತ್ತಿತ್ತು. ಇನ್ನೆಷ್ಟು ಇಳಿದೀತು ಎಂದು ಸುಮ್ಮನಿದ್ದೆ. ಸೋಮವಾರ ಆ ಶೇರು ಲೋವರ್ ಸರ್ಕ್ಯೂಟ್ ಮುಟ್ಟಿತು. ಒಂದು ದಿನಕ್ಕೆ ಇದಕ್ಕಿಂತ ಬೀಳಬಾರದೆಂದು ಪೇಟೆ ಇಟ್ಟ ಮಿತಿ ಅದು. ಅಲ್ಲಿ ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ಬೆಲೆ ಅಲ್ಲಾಡದೆ ನಿಂತಿತು.

"ಮಾಸ್ತರ್, ಆಜ್ ತೋ ಪೂರಾ ಟೊಮೆಟೊ ಸೂಪ್!" ಎಂದ ಸಪ್ಲೈಯರ್ ಒಬ್ಬ, ಪೂರ್ತಿ ಕೆಂಪಾದ ಟಿವಿಯನ್ನು ತೋರಿಸಿ. ಯಾರೂ ನಗಲಿಲ್ಲ.

ಭಾವ ಕೈ ಒರೆಸಿಕೊಳ್ಳುತ್ತಾ ಹೊರಬಂದರು. "ಗ್ಯಾಸ್ ಆಫ್ ಆಗ್ಲಿಲ್ವಾ ಭಾವ?"

"ಪೇಟೆಯೇ ಹಾಗೆ ಬಿತ್ತು. ಯಾವ ಸ್ಟಾಪ್ ಲಾಸೂ ತಡೆಯುವಂಥದ್ದಲ್ಲ."

ಅವರು ನಂಬಿದರು. ನನ್ನ ಹೆಗಲು ಮುಟ್ಟಿ, "ನಿಮ್ಮ ಕೈಯಲ್ಲಿ ಎಂತ ಉಂಟು?" ಎಂದರು. ಕೊನೆಗೆ ಶೇರು ಮಾರಲು ಆದಾಗ ಗಂಟು ಕರಗಿಹೋಗಿತ್ತು; ಆ ಕ್ಯಾಂಟೀನು ಬೇರೆಯವರ ಪಾಲಾಯಿತು. ಭಾವ ಅಲ್ಲಿಗೇ ಸಂಬಳದ ಅಡುಗೆಯವರಾಗಿ ಸೇರಿದರು, ಮೊಣಕಾಲು ಸೋಲುವವರೆಗೂ.

ಕೆಲಸ ಬಿಟ್ಟ ಮೇಲೆ ಒಂದು ಭಾನುವಾರ ಭಾವ ಪಕ್ಕದೂರು ಕಲ್ಯಾಣ್‌ನ ತಮ್ಮ ಮನೆಗೆ ನನ್ನನ್ನು ಕರೆಸಿದರು. ಕೈಗೆ ಬಂದ ಕಡೆಯ ಹಣದ ಪಾಸ್‌ಬುಕ್ಕನ್ನು ನನ್ನೆದುರು ಇಟ್ಟರು.

"ಪುನಃ ಹಾಕುವ. ನೀವು ಹೋದ ಸಲದ ಹಾಗೆ ಬಂದೋಬಸ್ತ್ ಮಾಡಿ, ಸಾಕು."

ಹೋದ ಸಲದ ಆ ಸ್ಟಾಪ್ ಲಾಸ್ ಆರ್ಡರ್ ಸಂಜೆಗೆ ಸಾಯುತ್ತಿತ್ತು, ದಿನಾ ಬೆಳಿಗ್ಗೆ ಹೊಸತಾಗಿ ಹಾಕಬೇಕಿತ್ತು ಎಂದೆ.

ಭಾವ ಪಾಸ್‌ಬುಕ್ಕಿನ ಮೇಲೆ ಕೈ ಇಟ್ಟರು. "ನೀವು ದಿನಾ ಹಾಕ್ತಿದ್ರಾ?"

"ಇಲ್ಲ ಭಾವ."

ಪಾಸ್‌ಬುಕ್ಕನ್ನು ಮೆಲ್ಲಗೆ ಎಳೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಒಳಗಿನಿಂದ ತಂಗಿ, "ಅಣ್ಣನಿಗೆ ಸಕ್ಕರೆ ಎಷ್ಟು?" ಎಂದು ಕೂಗಿದಳು.